ವಿದ್ಯಾರ್ಥಿಯ ಬರಹವೂ ನಿಷ್ಕೃಷ್ಟವಾದ ಮಾತೂ

ಹುಡುಗರಿಗೆ ಕನ್ನಡ ಬರುವುದಿಲ್ಲವೆಂಬ ದೂರು ನಮ್ಮಲ್ಲಿ ಬಹಳ ಹಳೆಯದು. ದೂರುವವರು ಸಾಮಾನ್ಯವಾಗಿ ಎತ್ತಿ ತೋರಿಸುವುದು ಕಾಗುಣಿತದ ತಪ್ಪುಗಳನ್ನು. ಅಲ್ಪಪ್ರಾಣವಿರಬೇಕಾದಲ್ಲಿ ಮಹಾಪ್ರಾಣ, ಅಕಾರವಿರಬೇಕಾದಲ್ಲಿ ಹಕಾರ, ಲಕಾರ ಳಕಾರಗಳ ಅದಲುಬದಲು, ಒತ್ತಕ್ಷರದ ಲೋಪ, ಇವೇ ಮೊದಲಾದವು. ಇವು ತಿದ್ದತಕ್ಕ ತಪ್ಪುಗಳೇ ಸರಿ. ಆದರೆ ಉಪಾಧ್ಯಾಯರ ಕೆಂಪು ಮಸಿಯೆಲ್ಲವೂ ಇವುಗಳ ಮೇಲೆಯೇ ವ್ಯಯವಾಗಿ, ಇವಕ್ಕಿಂತ ದೊಡ್ಡದಾದ ಇನ್ನೊಂದು ದೋಷವು ಯಾವ ಗುರುತನ್ನೂ ಪಡೆಯದೆ ಪುಟದಿಂದ ಪುಟಕ್ಕೆ ಸಾಗಿಹೋಗುತ್ತದೆ. ಅಕ್ಷರ ಶುದ್ಧವಾಗಿದ್ದು, ವ್ಯಾಕರಣ ಸರಿಯಾಗಿದ್ದು, ವಾಕ್ಯವು ಏನನ್ನೂ ಹೇಳದಿರುವುದೇ ಆ ದೋಷ. "ಪರಿಸರವನ್ನು ಕಾಪಾಡುವುದು ಎಲ್ಲರ ಕರ್ತವ್ಯವಾಗಿದೆ" ಎಂದು ಬರೆದ ಹುಡುಗನಿಗೆ ಪೂರ್ಣ ಅಂಕ ದೊರೆಯುತ್ತದೆ. ತನ್ನ ಊರಿನ ಕೆರೆಗೆ ಯಾವ ಬೀದಿಯ ಚರಂಡಿ ಬಂದು ಬೀಳುತ್ತದೆಂಬುದನ್ನು ಬರೆದು, ಚರಂಡಿಯೆಂಬಲ್ಲಿ ಒಂದು ಅಕ್ಷರ ತಪ್ಪಿದವನಿಗೆ ಅರ್ಧ ಅಂಕ ಹೋಗುತ್ತದೆ. ಇವರಿಬ್ಬರಲ್ಲಿ ಭಾಷೆಯನ್ನು ಬಲ್ಲವನು ಯಾರು?

ನಿಷ್ಕೃಷ್ಟವಾದ ಮಾತನ್ನು ಕಲಿಸುವುದು ಶೈಲಿಗೆ ಸೇರಿದ ವಿಚಾರವೆಂದು ಬಹುಜನರ ಎಣಿಕೆ. ಅದು ಮೊದಲು ನಡತೆಗೆ ಸೇರಿದ್ದು, ಆಮೇಲೆ ಶೈಲಿಗೆ ಎಂಬುದು ನನ್ನ ಅಭಿಪ್ರಾಯ. ಶೈಲಿ ಒರಟಾಗಿರುವ ಮನುಷ್ಯನು ಅದರಿಂದಲೇ ಯಾರಿಗೂ ಅನ್ಯಾಯ ಮಾಡಿದವನಾಗುವುದಿಲ್ಲ. ತಾನು ಹೇಳುತ್ತಿರುವುದು ಏನೆಂಬುದನ್ನು ತಾನೇ ನೋಡದೆ ಹೇಳಿಬಿಡುವವನು ಅನ್ಯಾಯ ಮಾಡುವುದುಂಟು. ಇದನ್ನು ಒಂದು ಉದಾಹರಣೆಯಿಂದ ವಿಶದಪಡಿಸುತ್ತೇನೆ.

ಚರಿತ್ರೆಯ ಪಾಠದಲ್ಲಿ ನಮ್ಮ ಹುಡುಗರು 1876ರಿಂದ 1878ರವರೆಗೆ ದಕ್ಷಿಣ ದೇಶವನ್ನು ಪೀಡಿಸಿದ ಮಹಾಕ್ಷಾಮದ ವಿಷಯವನ್ನು ಓದುತ್ತಾರೆ. ಮೈಸೂರು ಸೀಮೆಯ ಹಿಂದಿನವರು ಅದನ್ನು ಧಾತು ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ಅದನ್ನು ಕುರಿತು ನಾಲ್ಕು ಮಾತು ಬರೆಯೆಂದರೆ ಹುಡುಗನು ಬರೆಯುವ ಮೊದಲನೆಯ ವಾಕ್ಯ ಹೀಗಿರುತ್ತದೆ: "ಬರದಿಂದ ಅನೇಕ ಜನರು ತೊಂದರೆಗೆ ಒಳಗಾದರು." ಕಾಗುಣಿತ ಸರಿ, ವ್ಯಾಕರಣ ಸರಿ. ಆದರೆ ರೈಲು ತಡವಾದರೂ ಜನರು ತೊಂದರೆಗೆ ಒಳಗಾಗುತ್ತಾರೆ. ನಲ್ಲಿಯಲ್ಲಿ ಒಂದು ಹೊತ್ತು ನೀರು ನಿಂತರೂ ತೊಂದರೆಯೇ. ರಸ್ತೆಯ ಬದಿಯಲ್ಲಿ ಹಸಿದು ಬಿದ್ದು ಪ್ರಾಣಬಿಟ್ಟವರನ್ನು ಕುರಿತೂ ಅದೇ ಮಾತನ್ನು ಆಡಿದರೆ ಅವರ ವಿಷಯದಲ್ಲಿ ನಾವು ಏನನ್ನೂ ಹೇಳಿದಂತಾಗಲಿಲ್ಲ.

"ಅನೇಕ ಎಂದರೆ ಎಷ್ಟಪ್ಪಾ?" ಎಂದು ಉಪಾಧ್ಯಾಯನು ಕೇಳಲಿ. ಲೆಕ್ಕ ಉಂಟು. ಜನಗಣತಿಯ ಪ್ರಕಾರ ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ 55 ಸಾವಿರ. 1881ರಲ್ಲಿ ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷಗಳಲ್ಲಿ ಏರಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಗಿಲಾಗಿ ಇಳಿದಿತ್ತು. ಇದನ್ನು ಕಂಡೊಡನೆ ಚುರುಕಾದ ಹುಡುಗನು ಮೊದಲಿನ ವಾಕ್ಯವನ್ನು ಹೊಡೆದುಹಾಕಿ "ಒಂಬತ್ತು ಲಕ್ಷ ಜನ ಹಸಿವಿನಿಂದ ಸತ್ತರು" ಎಂದು ಬರೆಯುತ್ತಾನೆ. ಅದೂ ಸರಿಯಲ್ಲ. ಊರು ಬಿಟ್ಟು ಹೊರಟುಹೋದವರಿದ್ದರು; ಜ್ವರ, ವಾಂತಿಭೇದಿಗಳಿಂದ ಸತ್ತವರಿದ್ದರು; ಒಳ್ಳೆಯ ಕಾಲವಾಗಿದ್ದರೆ ಹುಟ್ಟುತ್ತಿದ್ದ ಮಕ್ಕಳು ಹುಟ್ಟದೆಯೇ ಹೋದರು. ಗಣತಿಯು ಎಣಿಸುವುದು ಇದ್ದವರನ್ನು; ಇಲ್ಲವಾದವರು ಹೇಗೆ ಇಲ್ಲವಾದರೆಂಬುದನ್ನು ಅದು ಹೇಳಲಾರದು. "ತೊಂದರೆ" ಎಂಬ ಮಾತು ಗೊತ್ತಿದ್ದುದನ್ನು ಮುಚ್ಚಿತು. "ಒಂಬತ್ತು ಲಕ್ಷ ಸತ್ತರು" ಎಂಬ ಮಾತು ಗೊತ್ತಿಲ್ಲದುದನ್ನು ಗೊತ್ತೆಂದಿತು. ಎರಡರ ಮೂಲವೂ ಒಂದೇ, ಕಣ್ಣಿಟ್ಟು ನೋಡುವ ಶ್ರಮಕ್ಕೆ ಹಿಂಜರಿಯುವುದು. ಗಣತಿ ಹೇಳಿದಷ್ಟನ್ನು ಹೇಳಿ, ಉಳಿದುದನ್ನು ಊಹೆಯೆಂದು ಸೂಚಿಸಿ ಬರೆದ ಹುಡುಗನು ಆ ದಿನ ಚರಿತ್ರೆಯನ್ನೂ ಕಲಿತ, ಭಾಷೆಯನ್ನೂ ಕಲಿತ.

ಅದೇ ವಾಕ್ಯದಲ್ಲಿ ಇನ್ನೂ ಒಂದು ಪದ ಉಳಿದಿದೆ, "ಬರದಿಂದ" ಎಂಬುದು. ನಮ್ಮ ಆಡುಮಾತಿನಲ್ಲಿ ಬರವೆಂದರೆ ಮಳೆ ಬಾರದಿರುವುದೂ ಹೌದು, ಅನ್ನ ಸಿಕ್ಕದಿರುವುದೂ ಹೌದು. ಮಳೆ ಏಕೆ ಬರಲಿಲ್ಲವೆಂದು ಯಾವ ಮನುಷ್ಯನನ್ನೂ ಹಿಡಿದು ಕೇಳುವಂತಿಲ್ಲ. ಅನ್ನ ಏಕೆ ಸಿಕ್ಕಲಿಲ್ಲವೆಂದು ಕೇಳಬಹುದು. ಏಕೆಂದರೆ ಧಾನ್ಯದ ಬೆಲೆ, ಅದರ ಸಾಗಾಣಿಕೆ, ಕಂದಾಯ, ಕೂಲಿ, ಗಂಜಿಯ ಏರ್ಪಾಡು ಇವೆಲ್ಲವೂ ಮನುಷ್ಯರ ಕೈಯಲ್ಲಿದ್ದವು. ಆ ವರ್ಷಗಳಲ್ಲಿಯೂ ಇಂಡಿಯಾ ದೇಶದ ಗೋಧಿ ಹಡಗೇರಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಮೊದಲನೆಯದನ್ನು ಬರವೆಂದೂ ಎರಡನೆಯದನ್ನು ಕ್ಷಾಮವೆಂದೂ ಹುಡುಗನು ಬೇರೆ ಬೇರೆಯಾಗಿ ಇಟ್ಟುಕೊಂಡರೆ, ಒಂದು ಇನ್ನೊಂದಾಗಿ ಮಾರ್ಪಟ್ಟದ್ದು ಹೇಗೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ ಆ ಪ್ರಶ್ನೆ ಏಳುವುದಕ್ಕೆ ಎಡೆಯೇ ಇಲ್ಲ. ಎಲ್ಲವೂ ಆಕಾಶದಿಂದಲೇ ಇಳಿದು ಬಂದಂತೆ ತೋರುತ್ತದೆ. ಒಂದು ಪದವನ್ನು ಎರಡಾಗಿ ಬಿಡಿಸಿದ ಮಾತ್ರದಿಂದ ಹೊಣೆಗಾರರು ಕಣ್ಣಿಗೆ ಬೀಳುವರೆಂದಮೇಲೆ, ಇದನ್ನು ಬರಿಯ ಅಲಂಕಾರದ ಮಾತೆಂದು ಬಿಡುವುದು ಹೇಗೆ?

ಇಂತಹ ಅಭ್ಯಾಸವನ್ನು ಮಾಡಿಸುವುದಕ್ಕೆ ಹೊಸ ಉಪಕರಣವನ್ನು ಹುಡುಕಬೇಕಾದುದಿಲ್ಲ. ನಮ್ಮ ತಾರ್ಕಿಕರು ಅದನ್ನು ಬಹುಕಾಲದ ಹಿಂದೆಯೇ ಸಿದ್ಧಮಾಡಿಟ್ಟಿದ್ದಾರೆ. ತರ್ಕಸಂಗ್ರಹವನ್ನು ಓದಿದ ಬಾಲರಿಗೆಲ್ಲ ಲಕ್ಷಣದ ಮೂರು ದೋಷಗಳು ತಿಳಿದಿದ್ದವು. ಹಸುವೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಅದು ಅತಿವ್ಯಾಪ್ತಿ. ಒಂಟಿ ಗೊರಸಿನದು ಎಂದರೆ ಯಾವ ಹಸುವಿಗೂ ಸಲ್ಲುವುದಿಲ್ಲ, ಅದು ಅಸಂಭವ. ಹದಿಮೂರು ವರ್ಷದ ಮಗುವಿಗೆ ಇದು ಆಟದಂತೆ ರುಚಿಸುತ್ತದೆ. ಹಳ್ಳಿಯೆಂದರೆ ಬೇಸಾಯಗಾರರು ಇರುವ ಸ್ಥಳವೆಂದು ಒಬ್ಬನು ಬರೆದರೆ, ಕರಾವಳಿಯಲ್ಲಿ ಬೆಸ್ತರೇ ತುಂಬಿರುವ ಊರು ಏನಾಯಿತೆಂದು ಪಕ್ಕದವನು ಕೇಳುತ್ತಾನೆ. ಇಲ್ಲಿಯವರೆಗೆ ವಿನೋದ. ಇದಾದ ಮೇಲೆ "ಬಡತನಕ್ಕೆ ಸೋಮಾರಿತನವೇ ಕಾರಣ" ಎಂಬ ವಾಕ್ಯವನ್ನು ಹಲಗೆಯ ಮೇಲೆ ಬರೆದು ಅದೇ ಪರೀಕ್ಷೆಗೆ ಒಡ್ಡಬೇಕು. ಬೆಳಗಿನಿಂದ ಸಂಜೆಯವರೆಗೆ ಕಲ್ಲುಕುಟ್ಟುವವಳು ಬಡವಳಲ್ಲವೆ? ಮಧ್ಯಾಹ್ನದವರೆಗೆ ಮಲಗುವ ಸಾಹುಕಾರನ ಮಗ ಸೋಮಾರಿಯಲ್ಲವೆ? ತರಗತಿಯಲ್ಲಿ ಆ ಕಲ್ಲುಕುಟ್ಟುವವಳ ಮಗನೂ ಕುಳಿತಿರಬಹುದೆಂಬುದನ್ನು ಮರೆಯಬಾರದು. ಆ ವಾಕ್ಯ ಹಲಗೆಯಿಂದ ಅಳಿದುಹೋದಾಗ ಅವನ ಮುಖವನ್ನು ನೋಡಿದವರಿಗೆ ಅವ್ಯಾಪ್ತಿದೋಷವು ಒಣ ಪರಿಭಾಷೆಯಾಗಿ ಉಳಿಯುವುದಿಲ್ಲ.

ನಿಷ್ಕೃಷ್ಟವಾದ ಮಾತೆಂದರೆ ಸಂಸ್ಕೃತದ ದೊಡ್ಡ ಮಾತೆಂದು ತಿಳಿಯುವ ಉಪಾಧ್ಯಾಯರಿದ್ದಾರೆ. ಕೆಡುಕು ಹೆಚ್ಚಾಗಿ ಇಲ್ಲಿಂದಲೇ ಮೊದಲಾಗುತ್ತದೆ. ಒಂಬತ್ತನೆಯ ಶತಮಾನದಲ್ಲಿ ಶ್ರೀವಿಜಯನು ಕವಿರಾಜಮಾರ್ಗದಲ್ಲಿ ಕಾವ್ಯದೋಷಗಳನ್ನು ವಿವರಿಸುವಾಗ, ಕನ್ನಡ ಸಂಸ್ಕೃತಗಳನ್ನು ವಿವೇಚನೆಯಿಲ್ಲದೆ ಸಮಾಸದಲ್ಲಿ ಬೆರೆಸುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿಯನ್ನು ಬೆರೆಸುವುದಕ್ಕೆ ಹೋಲಿಸಿದ್ದಾನೆ. ಸಾವಿರದ ನೂರು ವರ್ಷಗಳಿಗೂ ಹಿಂದಿನ ಈ ಎಚ್ಚರಿಕೆ ಸಮಾಸವನ್ನು ಕುರಿತದ್ದು. ಈಗಿನ ಶಾಲೆಯ ಬರಹದಲ್ಲಿ ಹಾಲು ಒಡೆಯುವ ಬಗೆ ಬೇರೆ. "ಸ್ವಚ್ಛಗೊಳಿಸು" ಎಂಬ ಒಂದು ಮಾತನ್ನು ನೋಡಿರಿ. ಹುಡುಗಿಯು ತನ್ನ ತಾಯಿಯ ದಿನಚರಿಯನ್ನು ಬರೆಯುತ್ತಾ, ಅಮ್ಮ ಮನೆಯನ್ನು ಸ್ವಚ್ಛಗೊಳಿಸುತ್ತಾರೆ, ಪಾತ್ರೆಗಳನ್ನು ಸ್ವಚ್ಛಗೊಳಿಸುತ್ತಾರೆ, ಬಟ್ಟೆಗಳನ್ನು ಸ್ವಚ್ಛಗೊಳಿಸುತ್ತಾರೆ ಎನ್ನುತ್ತಾಳೆ. ಆ ತಾಯಿ ಅಂಗಳವನ್ನು ಗುಡಿಸುತ್ತಾಳೆ, ನೆಲವನ್ನು ಸಾರಿಸುತ್ತಾಳೆ ಅಥವಾ ಒರೆಸುತ್ತಾಳೆ, ಪಾತ್ರೆಯನ್ನು ಉಜ್ಜಿ ಬೆಳಗುತ್ತಾಳೆ, ಬಟ್ಟೆಯನ್ನು ಒಗೆದು ಜಾಲಿಸಿ ಹಿಂಡುತ್ತಾಳೆ, ಮಗುವಿನ ಮುಖವನ್ನು ತೊಳೆಯುತ್ತಾಳೆ. ಒಂದೊಂದು ಕ್ರಿಯೆಗೂ ಬೇರೆ ಬಾಗು, ಬೇರೆ ಕೈಚಳಕ, ಬೇರೆ ದಣಿವು. ಮನೆಯಲ್ಲಿ ಈ ಹುಡುಗಿ ಇವುಗಳಲ್ಲಿ ಒಂದು ಮಾತನ್ನೂ ತಪ್ಪಾಗಿ ಆಡುವುದಿಲ್ಲ. ಪಾತ್ರೆಯನ್ನು ಒಗೆ ಎಂದರೆ ನಕ್ಕುಬಿಡುತ್ತಾಳೆ. ಶಾಲೆಗೆ ಬಂದು ಲೇಖನಿ ಹಿಡಿದೊಡನೆ ಎಂಟು ಮಾತುಗಳನ್ನು ಬಿಟ್ಟು ಒಂದು ಮಾತನ್ನು ಹಿಡಿಯುತ್ತಾಳೆ, ಅದು ಗ್ರಂಥದ ಮಾತೆಂದು ಯಾರೋ ಹೇಳಿರುವರಾದ್ದರಿಂದ. ಅಲ್ಲಿಗೆ ತಾಯಿಯ ದಿನವೆಲ್ಲ ಒಂದೇ ಕೆಲಸವಾಗಿ ಕುಗ್ಗಿಹೋಯಿತು.

ಬೇಸಾಯದ ಮನೆಯ ಹುಡುಗನದೂ ಇದೇ ಗತಿ. ಅವನ ತಂದೆ ಉಳುತ್ತಾನೆ, ಹರಗುತ್ತಾನೆ, ಬಿತ್ತುತ್ತಾನೆ, ಕಳೆ ಕೀಳುತ್ತಾನೆ, ಕೊಯ್ಯುತ್ತಾನೆ, ಒಕ್ಕುತ್ತಾನೆ, ತೂರುತ್ತಾನೆ. ಅಜ್ಜಿ ಮೊರದಲ್ಲಿ ಕೇರುತ್ತಾಳೆ, ಒನೆಯುತ್ತಾಳೆ. ಪ್ರಬಂಧದಲ್ಲಿ ಇವರೆಲ್ಲರೂ "ಕೃಷಿ ಚಟುವಟಿಕೆಗಳಲ್ಲಿ ತೊಡಗಿರುತ್ತಾರೆ". ಕೇರುವುದಕ್ಕೂ ಒನೆಯುವುದಕ್ಕೂ ಏನು ಭೇದವೆಂದು ಪೇಟೆಯಲ್ಲಿ ಬೆಳೆದ ಉಪಾಧ್ಯಾಯನಿಗೆ ತಿಳಿಯದಿದ್ದರೆ ಅದರಲ್ಲಿ ಕುಂದೇನೂ ಇಲ್ಲ. ಹುಡುಗನನ್ನೇ ಕೇಳಿ ತಿಳಿದುಕೊಳ್ಳಬಹುದು. ಕೇಳದೆ ಅದನ್ನು ಗ್ರಾಮ್ಯವೆಂದು ಹೊಡೆದುಹಾಕುವುದು ಮಾತ್ರ ಕುಂದು. ಮಂಗಳೂರಿನ ಬಾಸೆಲ್ ಮಿಷನ್ನಿನವರು 1894ರಲ್ಲಿ ಅಚ್ಚುಮಾಡಿದ ಕಿಟ್ಟೆಲ್ ಪಂಡಿತರ ನಿಘಂಟು ಗ್ರಂಥಗಳ ಮಾತಿನೊಡನೆ ಜನರ ಬಾಯಿಯ ಮಾತನ್ನೂ ಆದರದಿಂದ ಸೇರಿಸಿಕೊಂಡಿತು. ಜರ್ಮನಿಯಿಂದ ಬಂದವರು ಹೆಕ್ಕಿ ತೆಗೆದಿಟ್ಟುಕೊಂಡ ಕಾಳನ್ನು ನಮ್ಮವರೇ ಕಸವೆಂದು ಗುಡಿಸುವುದು ವಿಚಿತ್ರವಾದ ಶುದ್ಧಿ.

ಹಾಗೆಂದು ಮನೆಯ ಮಾತೇ ಎಲ್ಲ ಕಡೆಗೂ ಸಾಲುವುದೆಂದು ನಾನು ಹೇಳುವುದಿಲ್ಲ. ತೂಕಕ್ಕೂ ದ್ರವ್ಯರಾಶಿಗೂ, ಜವಕ್ಕೂ ವೇಗಕ್ಕೂ ಇರುವ ಭೇದವನ್ನು ವಿಜ್ಞಾನದ ತರಗತಿ ಕಲಿಸಲೇಬೇಕು. ಅಲ್ಲಿ ಶಾಸ್ತ್ರದ ಪದವೇ ನಿಷ್ಕೃಷ್ಟವಾದ ಪದ. ಪದ ಎಲ್ಲಿಂದ ಬಂದಿತೆಂಬುದು ಮುಖ್ಯವಲ್ಲ. ಅದು ಬಿಟ್ಟುಹೋದರೆ ವಸ್ತುವಿನಲ್ಲಿ ಏನು ಬಿಟ್ಟುಹೋಗುತ್ತದೆಂಬುದನ್ನು ನೋಡಬೇಕು.

ಇನ್ನು ಕರ್ತೃವಿನ ವಿಚಾರ. ಇದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಕನ್ನಡದ ಕ್ರಿಯಾಪದವು ಮಾಡಿದವನನ್ನು ತನ್ನ ಬೆನ್ನಮೇಲೆಯೇ ಹೊತ್ತುಕೊಂಡಿರುತ್ತದೆ. ಒಡೆದೆನು, ಒಡೆದಳು, ಒಡೆದರು ಎಂದರೆ ಬೇರೆ ಸಾಕ್ಷಿಯೇ ಬೇಡ. ಆದುದರಿಂದ ಕರ್ತೃವನ್ನು ಮರೆಮಾಡಬೇಕೆಂಬುವನು ಕನ್ನಡದಲ್ಲಿ ಸ್ವಲ್ಪ ಪ್ರಯಾಸಪಡಬೇಕು. ಮಕ್ಕಳು ಅದನ್ನು ಬೇಗ ಕಲಿಯುತ್ತಾರೆ; "ಲೋಟ ಒಡೆದುಹೋಯಿತು" ಎಂಬುದು ಎಲ್ಲ ಮನೆಗಳಲ್ಲಿಯೂ ಕೇಳಿಬರುವ ವಾಕ್ಯ. ಅದನ್ನು ಕೇಳಿ ತಾಯಂದಿರು ನಕ್ಕುಬಿಡುತ್ತಾರೆ. ದೊಡ್ಡವರ ಕಚೇರಿಗಳಲ್ಲಿ ಇದೇ ವಿದ್ಯೆ ಬೆಳೆದು "ಪರಿಶೀಲಿಸಲಾಗುತ್ತಿದೆ", "ಸೂಕ್ತ ಕ್ರಮ ಕೈಗೊಳ್ಳಲಾಗುವುದು" ಎಂಬ ರೂಪವನ್ನು ತಾಳಿದಾಗ ನಗು ಬಾರದು. ಕ್ರಮವನ್ನು ಕೈಗೊಳ್ಳುವವರು ಯಾರು? ಎಂದಿನೊಳಗೆ? ಸೂಕ್ತವೆಂದರೆ ಏನು? ಮೂರು ಪ್ರಶ್ನೆಗಳಿಗೂ ಉತ್ತರವಿಲ್ಲ. ಆದರೆ ಉತ್ತರ ಬಂದಿತೆಂಬ ಭಾವನೆಯಿಂದ ಅರ್ಜಿದಾರನು ಮನೆಗೆ ಹೋಗುತ್ತಾನೆ.

ಶಾಲೆಯಲ್ಲಿ ಪತ್ರಲೇಖನವನ್ನು ಕಲಿಸುವಾಗ ನಾವು ಈ ವಿದ್ಯೆಗೆ ಹುಡುಗರನ್ನು ಸೇರಿಸುತ್ತಿದ್ದೇವೆಯೋ, ಅದರಿಂದ ಬಿಡಿಸುತ್ತಿದ್ದೇವೆಯೋ ಎಂದು ಯೋಚಿಸಬೇಕು. "ನಮ್ಮ ಬಡಾವಣೆಯಲ್ಲಿ ನೀರಿನ ಸಮಸ್ಯೆ ಇದೆ, ತಾವು ದಯಮಾಡಿ ಪರಿಹರಿಸಬೇಕೆಂದು ಕೋರುತ್ತೇನೆ" ಎಂಬುದು ಮಾದರಿಯ ಪತ್ರ. "ಮೂರನೆಯ ಅಡ್ಡರಸ್ತೆಯ ನಲ್ಲಿಗೆ ಎಂಟು ದಿನಗಳಿಂದ ನೀರು ಬಂದಿಲ್ಲ, ಕೊಳವೆ ದೇವಸ್ಥಾನದ ಮುಂದೆ ಒಡೆದಿದೆ" ಎಂದು ಬರೆದರೆ, ಓದಿದ ಅಧಿಕಾರಿಗೆ ಹೋಗಿ ನೋಡುವುದಕ್ಕೆ ಒಂದು ಸ್ಥಳ ಸಿಕ್ಕುತ್ತದೆ, ನೋಡದಿದ್ದರೆ ಜಾರಿಕೊಳ್ಳುವುದಕ್ಕೆ ಸ್ಥಳ ಸಿಕ್ಕುವುದಿಲ್ಲ. ಮಂಜಿನಂತಹ ಅರ್ಜಿಗೆ ಮಂಜಿನಂತಹ ಉತ್ತರ ಬರುವುದು ಸಹಜ. ಬಲವುಳ್ಳವನು ಅಸ್ಪಷ್ಟವಾಗಿ ಮಾತನಾಡಿದರೂ ಅವನ ಕೆಲಸ ನಡೆಯುತ್ತದೆ. ಬಲವಿಲ್ಲದವನಿಗೆ ಇರುವ ಬಲ ಖಚಿತವಾದ ಮಾತೊಂದೇ. ಶಾಲೆಯು ಅದನ್ನೂ ಅವನಿಗೆ ಕೊಡದೆ ಕಳುಹಿಸಿದರೆ ಅವನು ಬೇರೆಲ್ಲಿ ಪಡೆಯಬೇಕು?

ಇಲ್ಲಿ ಒಂದು ಆಕ್ಷೇಪವನ್ನು ಎದುರುನೋಡುತ್ತೇನೆ. ಎಲ್ಲವನ್ನೂ ಬಿಚ್ಚಿ ಹೇಳುವುದು ಸಭ್ಯತೆಯೆ, ದಾಕ್ಷಿಣ್ಯಕ್ಕೆ ಸ್ಥಳವಿಲ್ಲವೆ ಎಂದು ಹಿರಿಯರು ಕೇಳಬಹುದು. ದಾಕ್ಷಿಣ್ಯಕ್ಕೆ ಸ್ಥಳ ಉಂಟು. ಸತ್ತರೆಂಬುದಕ್ಕೆ ತೀರಿಕೊಂಡರು, ಕಾಲವಾದರು, ದೈವಾಧೀನರಾದರು ಎನ್ನುತ್ತೇವೆ. ಈ ಮಾತುಗಳು ಯಾವುದನ್ನೂ ಮರೆಮಾಡುವುದಿಲ್ಲ. ಕೇಳಿದವನಿಗೆ ಸಂಗತಿ ಪೂರ್ತಿ ತಿಳಿಯುತ್ತದೆ, ಅದರ ಜೊತೆಗೆ ಹೇಳುವವನ ಗೌರವವೂ ತಿಳಿಯುತ್ತದೆ. ಆ ದೃಷ್ಟಿಯಿಂದ ಅವು ಹೆಚ್ಚು ನಿಷ್ಕೃಷ್ಟವಾದ ಮಾತುಗಳೇ ಆದುವು. ಕ್ಷಾಮದಲ್ಲಿ ಸತ್ತವರನ್ನು ತೊಂದರೆಗೊಳಗಾದವರೆಂದು ಕರೆದದ್ದು ಈ ಬಗೆಯದಲ್ಲ; ಅಲ್ಲಿ ಕೇಳಿದವನಿಗೆ ಸಂಗತಿಯೇ ತಿಳಿಯಲಿಲ್ಲ.

ಮಾತು ನಿಷ್ಕೃಷ್ಟವಾದ ಮಾತ್ರಕ್ಕೆ ಸತ್ಯವಾಗಿಬಿಡುವುದೂ ಇಲ್ಲ. ದ್ರೋಣಪರ್ವದಲ್ಲಿ ಧರ್ಮರಾಯನು ಆಡಿದ ಮಾತನ್ನು ಪದಪದವಾಗಿ ಪರೀಕ್ಷಿಸಿದರೆ ತಪ್ಪು ಸಿಕ್ಕುವುದಿಲ್ಲ. ಅಶ್ವತ್ಥಾಮನೆಂಬ ಆನೆ ಸತ್ತಿತ್ತು. ಅಶ್ವತ್ಥಾಮನು ಸತ್ತನೆಂದು ಅವನು ಹೇಳಿದನು. ಆನೆಯೆಂದೂ ಸೇರಿಸಿದನು, ಆದರೆ ಗುರುವಿಗೆ ಕೇಳಿಸದಂತೆ. ಅಲ್ಲಿಯವರೆಗೆ ನೆಲದಿಂದ ನಾಲ್ಕಂಗುಲ ಮೇಲೆ ನಡೆಯುತ್ತಿದ್ದ ಅವನ ರಥ ಆಗ ನೆಲಕ್ಕೆ ಇಳಿಯಿತೆಂದು ಕಥೆ. ವ್ಯಾಸರು ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡದ್ದು ಆಡಿದ ಪದವನ್ನಲ್ಲ, ದ್ರೋಣನು ಏನೆಂದು ತಿಳಿಯಲೆಂದು ಆ ಪದವನ್ನು ಆಡಿದನೋ ಅದನ್ನು. ಶಾಲೆಯಲ್ಲಿಯೂ ಹುಡುಗನ ಮುಂದೆ ಇಡತಕ್ಕ ಪ್ರಶ್ನೆ ಇದೇ: ನಿನ್ನನ್ನು ಕಾಣದ, ನಿನ್ನ ಊರನ್ನು ಅರಿಯದ ಒಬ್ಬನು ಇದನ್ನು ಓದಿದರೆ ಏನೆಂದುಕೊಳ್ಳುತ್ತಾನೆ? ಅವನು ಅಂದುಕೊಂಡದ್ದೂ ನಡೆದದ್ದೂ ಒಂದೇ ಆದಾಗ ವಾಕ್ಯ ಮುಗಿಯಿತು.

ಪರೀಕ್ಷೆಯ ಕೈಪಿಡಿಗಳು ಸಿದ್ಧ ಪ್ರಬಂಧಗಳನ್ನು ಮೊದಲಿನಿಂದಲೂ ಒದಗಿಸುತ್ತಿದ್ದವು. 2022ರ ಕೊನೆಯಿಂದೀಚೆಗೆ, ಕೇಳಿದೊಡನೆ ಯಾವ ವಿಷಯದ ಮೇಲಾದರೂ ಪ್ರಬಂಧ ಬರೆದುಕೊಡುವ ಯಂತ್ರಗಳೂ ಹುಡುಗರ ಕೈಗೆ ಬಂದಿವೆ. ಅವುಗಳ ಕಾಗುಣಿತ ಬಹುಮಟ್ಟಿಗೆ ಶುದ್ಧ. ಪರಿಸರವನ್ನು ಕಾಪಾಡುವುದು ಎಲ್ಲರ ಕರ್ತವ್ಯವೆಂಬುದನ್ನು ಅವು ನಮ್ಮ ಹುಡುಗರಿಗಿಂತ ಅಂದವಾಗಿ ಬರೆಯುತ್ತವೆ. ಆದರೆ ಯಾವ ಬೀದಿಯ ಚರಂಡಿ ಕೆರೆಗೆ ಬೀಳುತ್ತದೆಂಬುದು, ಹೋಗಿ ನೋಡಿದ ಹುಡುಗನು ಹೇಳಿದ ಹೊರತು ಅವಕ್ಕೆ ತಿಳಿಯದು. ಯಂತ್ರವನ್ನು ಬೈಯುವುದಕ್ಕಿಂತ, ನೋಡಿದವನೇ ಬರೆಯಬಲ್ಲ ವಿಷಯವನ್ನು ಕೊಡುವುದು ಮೇಲು.

ಅಂತಹ ವಿಷಯವನ್ನು ಕೊಡುವ ಉಪಾಧ್ಯಾಯನಿಗೆ ಎದೆಗಾರಿಕೆಯೂ ಇರಬೇಕು. "ನಮ್ಮ ಶಾಲೆ" ಎಂಬ ವಿಷಯದ ಮೇಲೆ ನೋಡಿದ್ದನ್ನೇ ಬರೆಯೆಂದರೆ, ಶೌಚಗೃಹದಲ್ಲಿ ನೀರಿಲ್ಲವೆಂದೂ, ಗಣಿತದ ಪಾಠ ಹದಿನೈದು ದಿನ ನಡೆಯಲಿಲ್ಲವೆಂದೂ, ಊಟದ ಸಾಲಿನಲ್ಲಿ ಕೆಲವರು ಬೇರೆ ಕುಳಿತುಕೊಳ್ಳುತ್ತಾರೆಂದೂ ಬರೆದ ಪುಸ್ತಕ ಮೇಜಿನ ಮೇಲೆ ಬಂದು ಬೀಳಬಹುದು. ಆಗ "ನಮ್ಮ ಶಾಲೆ ಜ್ಞಾನದ ದೇಗುಲ" ಎಂಬ ಹಳೆಯ ವಾಕ್ಯವೇ ಹಿತವಾಗಿ ಕಾಣುತ್ತದೆ. ಬರೆದ ಹುಡುಗಿಯನ್ನು ಕರೆದು ಗದರಿಸಿದರೆ, ಖಚಿತವಾದ ಮಾತಿನಿಂದ ಪೆಟ್ಟು ಬೀಳುತ್ತದೆಂಬುದನ್ನು ಅವಳು ಒಂದೇ ದಿನದಲ್ಲಿ ಕಲಿಯುತ್ತಾಳೆ. ಆಮೇಲೆ ಹತ್ತು ವರ್ಷ ಕಲಿಸಿದರೂ ಅವಳ ಲೇಖನಿಯಿಂದ ತೊಂದರೆ, ಸಮಸ್ಯೆ, ಅನೇಕ, ಸೂಕ್ತ ಇವುಗಳ ಹೊರತು ಬೇರೆ ಮಾತು ಹೊರಡುವುದಿಲ್ಲ.

ತಿದ್ದುವ ರೀತಿಯನ್ನು ಕುರಿತು ಒಂದು ಮಾತು. ನಿಷ್ಕೃಷ್ಟತೆಯನ್ನು ಬಯಸುವ ನಾವೇ ಪುಸ್ತಕದ ಅಂಚಿನಲ್ಲಿ "ಉತ್ತಮ", "ಸಾಧಾರಣ", "ಇನ್ನೂ ಗಮನವಿರಲಿ" ಎಂದು ಬರೆಯುತ್ತೇವೆ. ಇಡೀ ಶಾಲೆಯಲ್ಲಿ ಇವಕ್ಕಿಂತ ಅಸ್ಪಷ್ಟವಾದ ಬರಹ ಸಿಕ್ಕುವುದು ಕಷ್ಟ. ಯಾವುದರ ಕಡೆಗೆ ಗಮನ? "ಮೂರನೆಯ ವಾಕ್ಯದಲ್ಲಿ ಯಾರು ಮಾಡಿದರೆಂದು ತಿಳಿಯಲಿಲ್ಲ", "ನಿನ್ನ ಅಜ್ಜಿ ಇದಕ್ಕೆ ಏನೆನ್ನುತ್ತಾರೆ, ಆ ಮಾತನ್ನು ಹಾಕು", "ಈ ಸಂಖ್ಯೆ ನಿನಗೆ ಎಲ್ಲಿ ಸಿಕ್ಕಿತು" ಎಂದು ಬರೆದರೆ ಹುಡುಗನು ತಿರುಗಿ ಬರೆಯಬಲ್ಲನು. ಅರುವತ್ತು ಪುಸ್ತಕಗಳಿಗೂ ವಾರವಾರವೂ ಹೀಗೆ ಬರೆಯುವುದು ಮನುಷ್ಯಮಾತ್ರದವನಿಂದ ಆಗದೆಂಬುದು ನಿಜ. ವಾರಕ್ಕೆ ಹತ್ತನ್ನು ಹೀಗೆ ನೋಡಿ, ಉಳಿದ ಐವತ್ತಕ್ಕೆ ಬರಿಯ ರುಜು ಹಾಕಿದರೆ ಆರು ವಾರಗಳಲ್ಲಿ ಎಲ್ಲರ ಸರದಿಯೂ ಬರುತ್ತದೆ.